ಹಾಲು ಉಕ್ಕಿಸದ ಮನೆ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತೆ. ಹಾಲು ಉಕ್ಕಿ ಬರ್ನರಿನ ಮೇಲೆ ಸುರಿದು, ಸೀದ ವಾಸನೆ ಮನೆಯೆಲ್ಲ ಹಬ್ಬಿತು. ಥತ್ ಎಂದು ಅರಿವೆ ಹುಡುಕುವಾಗ ಹಿಂದೆ ಎದುರುಮನೆಯಲ್ಲಿದ್ದ, ಚಿಕ್ಕಮ್ಮ ಎಂಬಂತೆ ನಾನು ಕಾಕು ಎಂದು ಕರೆಯುತ್ತಿದ್ದ ಹೆಂಗಸು ನೆನಪಾದರು...

ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ಆಗ ಅವರದು ಬಾಡಿಗೆ ಮನೆ. ವಿಜಾಪುರದ ಕಡೆಯವರು. ಹನ್ನೊಂದು ತಿಂಗಳ ಕರಾರು ಮುಗಿದಂತೆಲ್ಲ ಮನೆ ಬದಲಿಸುತ್ತ ಪುಣೆಯನ್ನೆಲ್ಲ ಸುತ್ತಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು, ನಾನು ಆಗಷ್ಟೇ ಕಂಪ್ಯೂಟರ್ ಕೊಂಡಿದ್ದೆ. ಅದರಲ್ಲೊಂದು ಆಟ. ಹಾಳು ದ್ವೀಪದಲ್ಲಿ ಒಬ್ಬನೇ ಮನುಷ್ಯ; ಕಟ್ಟಿಗೆ ಕಡಿಯಬಹುದು, ಮನೆ ಕಟ್ಟಬಹುದು, ಎಲ್ಲಿಗೆ ಬೇಕಾದರೂ ಅಲೆಯಬಹುದು. ನನಗೆ ಅಲೆಯುವ ಹುಚ್ಚು. ಆದರೆ ಆಡಲು ಕೂತರೆ ಸಾಕು, ಕಾಕು ಸೊಪ್ಪು ಸೋಸುವ ಬುಟ್ಟಿ ಸಮೇತ ಹಾಜರು.

"ತಮ್ಮಾ, ಮದಲ ಒಣ ಕಟಗಿ ಕೂಡಿ ಹಾಕು. ಉಸುಕಿನ ಮ್ಯಾಲೆ ಮನಿ ಕಟ್ಟಬ್ಯಾಡ, ದಿಬ್ಬದ ಮ್ಯಾಲೆ ಕಟ್ಟು. ಹೋಗೋ ದಾರಿಗುಂಟ ಕಲ್ಲು ಇಟಗೋತ ಹೋಗು."

ಅಯ್ಯೋ, ತಲೆ ಚಿಟ್ಟು ಹಿಡಿಯುತ್ತಿತ್ತು! ಮೌಸ್ ಹಿಡಿಯಲು ಗೊತ್ತಿಲ್ಲ, ಸಲಹೆ ಮಾತ್ರ ಕಂತೆ ಕಂತೆ. ಅದಕ್ಕಿಂತ ಸಿಟ್ಟು ಬರುತ್ತಿದ್ದದ್ದು ಅವರು ಹೇಳಿದ್ದೆಲ್ಲ ಸರಿಯಾಗುತ್ತಿದ್ದುದಕ್ಕೆ. ಉಸುಕಿನ ಮೇಲೆ ಕಟ್ಟಿದ ನನ್ನ ಗುಡಿಸಲನ್ನು ಸಮುದ್ರ ಎಳೆದುಕೊಂಡು ಹೋಗಿತ್ತು. ಕೊನೆಗೆ ಒಂದು ರಜೆಯ ದಿನ ದ್ವೀಪ ಸುತ್ತುವುದು ಬಿಟ್ಟು ಕಾಕು ಹೇಳಿದಂತೆ ಮನೆ ಕಟ್ಟುವ ಗೌಂಡಿಯಾದೆ. ಪೂರ್ವಕ್ಕೆ ಬಾಗಿಲು, ದೊಡ್ಡ ಅಡುಗೆಮನೆ, ಹಿತ್ತಲು...

"ಇದನ್ನ ಯಾರೂ ಖಾಲಿ ಮಾಡ್ಸಂಗಿಲ್ಲ, ಹೌದಲ್ಲೋ?" ಎಂದು ಕೇಳಿದರು.

ಮನೆ ಮುಗಿಯಿತು. ಇನ್ನು ಅದರೊಳಗೆ ಮಲಗಿ ಎದ್ದರೆ ಮಾತ್ರ ಆಟ ಸೇವ್ ಆಗುವುದು. ಪರದೆಯಲ್ಲಿ ಹೊತ್ತು ಮುಳುಗುತ್ತಿತ್ತು. ಕಾಕು ನನ್ನ ಕೈ ಹಿಡಿದರು.

"ಹಾಲು ಉಕ್ಕಸದ ಹೊಸ ಮನ್ಯಾಗ ಮಲಗ್ತಾರೇನೋ?"

"ಕಾಕು, ಇದು ಆಟರೀ! ಹೊರಗ ತ್ವಾಳ ಅದಾವ್ರಿ!"

"ಆಟ ಆದ್ರ ಏನಾತು? ಮನಿ ಅಂದ್ರ ಮನೀನ. ಅಲ್ಲೆ ಆಡು ಅದಾವಲ್ಲ, ಹಾಲು ಹಿಂಡಕೊಂಡು ಬಾ."

ಹಲ್ಲು ಕಚ್ಚಿಕೊಂಡು ಆಡಿನ ಬೆನ್ನು ಹತ್ತಿದೆ. ಕತ್ತಲಾಯಿತು. ತೋಳಗಳು ನನ್ನ ಮನುಷ್ಯನನ್ನು ಹರಿದು ಹಾಕಿದವು. ಆಟ ಮೊದಲಿನಿಂದ ಶುರುವಾದಾಗ ದಿಬ್ಬದ ಮೇಲೆ ಏನೂ ಇರಲಿಲ್ಲ. ನಾನು ಕೀಬೋರ್ಡ್ ಕುಟ್ಟಿ ಕೂಗಾಡಿದೆ. ಕಾಕು ಆ ಬೋಳು ದಿಬ್ಬವನ್ನೇ ನೋಡುತ್ತಿದ್ದರು.

"ಇರಲಿ ಬಿಡು, ಮತ್ತ ಕಟ್ಟೂಣಂತ. ನನಗೇನು ಇದು ಹೊಸಾದೇನು?" ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಮತ್ತೆ ಕಟ್ಟಲಾಗಲಿಲ್ಲ. ಆ ತಿಂಗಳೇ ಮಾಲೀಕ ಕಾಕು ಅವರ ಮನೆ ಖಾಲಿ ಮಾಡಿಸಿದ. ಚಾಕಣದ ಕಡೆ ಎಲ್ಲೋ ಬಾಡಿಗೆಗೆ ಹೋದರು, ಅಲ್ಲಿಂದ ಮತ್ತೆಲ್ಲಿಗೋ... ಅಂಥದೇ ಒಂದು ಬಾಡಿಗೆ ಮನೆಯಲ್ಲಿ ತೀರಿಕೊಂಡರೆಂದು ವರ್ಷಗಳ ನಂತರ ಕೇಳಿದೆ. ಜನ್ಮಕ್ಕೊಂದು ಮನೆ, ಅದೂ ಸುಳ್ಳು ಮನೆ, ಅದಾದರೂ ದಕ್ಕಬಾರದಿತ್ತೇ?

ಅವರ ಆ ದಿಬ್ಬದ ಮನೆಯಲ್ಲಿ ಒಮ್ಮೆಯೂ ಉಕ್ಕದ ಹಾಲು ಇಲ್ಲಿ, ನನ್ನ ಸ್ವಂತ ಮನೆಯಲ್ಲಿ, ಯಾರಿಗೂ ಬೇಡದೆ ಉಕ್ಕಿ ಹರಿದಿದೆ. ಒರೆಸುತ್ತಲೇ ಇದ್ದೇನೆ, ವಾಸನೆ ಇನ್ನೂ ಹೋಗಿಲ್ಲ.