ಮೂರನೇ ಸ್ಕ್ರೂ

ದಪ್ಪ ಉಕ್ಕಿನ ಹಾಳೆಗಳನ್ನು ಲೇಸರ್ ಕಿರಣದಿಂದ ಕತ್ತರಿಸುವ ಆ ಕಾರ್ಖಾನೆಯಲ್ಲಿ ಕನ್ನಡಿ ಕೂರಿಸುವ ಫಿಟ್ಟರನ್ನು ಎಲ್ಲರೂ ರೇಡಿಯೋ ಮಾವ ಎನ್ನುತ್ತಿದ್ದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರ ಬಾಯಿ ಮುಚ್ಚಿದ್ದನ್ನು ಕಂಡವರು ಕಡಿಮೆ. ಕಿರಣವನ್ನು ತಿರುಗಿಸುವ ತಾಮ್ರದ ಕನ್ನಡಿಯನ್ನು ಚೌಕಟ್ಟಿಗೆ ಕೂರಿಸುವಾಗ ಮಾತ್ರ ಮಾವ ತುಟಿ ಬಿಚ್ಚುತ್ತಿರಲಿಲ್ಲ. ಎಂಜಲಿನ ಹನಿ ಸಿಡಿದರೂ ಕನ್ನಡಿಯ ಮೇಲೆ ಸುಟ್ಟ ಕಲೆ ಬೀಳುತ್ತದೆ, ಕೆಲಸದ ಹೊತ್ತಿನಲ್ಲಿ ಮಾತು ಕೂಡದು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವರೂ ಅವರೇ, ಅದೂ ಒಂದು ಗಂಟೆ.

ಒಂದು ಸೋಮವಾರ ಆ ವ್ರತ ಮುರಿಯಿತು. ಹಿಂದಿನ ದಿನ ಮಗಳಿಗೆ ಅವಳಿ ಮಕ್ಕಳಾಗಿದ್ದವು. ಮಾವ ಮಾಸ್ಕ್ ಕಟ್ಟಿಕೊಂಡು, ಅದರೊಳಗಿಂದಲೇ, ಯಂತ್ರಕ್ಕೆ ತಣ್ಣೀರು ಹಾಯಿಸುವ ಪಂಪನ್ನು ನೋಡಿಕೊಳ್ಳುವ ಪಂಪಿನವನಿಗೆ ಹೆರಿಗೆಯ ಕತೆ ಹೇಳುತ್ತಾ ಸ್ಕ್ರೂ ಬಿಗಿದರು.

ಬುಧವಾರ ಯಂತ್ರ ಕೈಕೊಟ್ಟಿತು. ಶುರುವಿನಲ್ಲಿ ಬೆಣ್ಣೆಯಂತೆ ಕತ್ತರಿಸುವುದು, ಬಿಸಿಯೇರಿದರೆ ಹಾಳೆಯ ಅಂಚೆಲ್ಲ ಇಲಿ ಕಡಿದಂತೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಎಂಜಿನಿಯರಮ್ಮ, ಕನ್ನಡಿಯ ಬೆನ್ನಿಗೆ ಹರಿಯುವ ತಣ್ಣೀರು ಸಾಲದೆಂದು ಪಂಪಿನ ಒತ್ತಡ ಏರಿಸಿದಳು. ಬೆನ್ನಿನ ನೀರಿನ ಒತ್ತಡಕ್ಕೆ ಕನ್ನಡಿಯ ಮುಖ ಉಬ್ಬಿ, ಅಂಚು ಇನ್ನೂ ಕೆಟ್ಟಿತು. ಹಾಗಾದರೆ ನೀರಿನ ಫಿಲ್ಟರೇ ಕಟ್ಟಿಕೊಂಡಿದೆ, ತಪ್ಪು ಪಂಪಿನವನದು ಎಂದಳು. ಅವನು ಆಣೆಯಿಟ್ಟು ಇಲ್ಲವೆಂದ. ಈಗಿನ ಪಂಪುಗಳ ಹಣೆಬರಹವೇ ಇಷ್ಟು ಎಂದು ಮಾವನೂ ಒಂದು ಭಾಷಣ ಸೇರಿಸಿದರು.

ಭಾಷಣ ಮುಗಿಸಿ ಕನ್ನಡಿಯನ್ನು ಚೌಕಟ್ಟಿನ ಸಮೇತ ಬಿಚ್ಚಿ ತೆಗೆದರು. ಅದರ ಮೇಲೆ ಸಮತಟ್ಟಾದ ಗಾಜು ಇಟ್ಟು ನೋಡಿದರೆ, ಎರಡರ ನಡುವೆ ಬೆಳಕಿಗೆ ಮೂಡುವ, ನೇರವಾಗಿರಬೇಕಾದ ಬಣ್ಣದ ಗೆರೆಗಳು ಒಂದು ಮೂಲೆಯಲ್ಲಿ ಬಾಗಿದ್ದವು. ಮೂರನೇ ಸ್ಕ್ರೂ ಇದ್ದ ಕಡೆ. ಮಾವ ಸೋಮವಾರ ಹೇಳಿದ ಕತೆಯನ್ನು ಮೊದಲಿಂದ ನೆನೆದರು. ಮೊದಲ ಸ್ಕ್ರೂವಿಗೆ ಹೆರಿಗೆ ನೋವು, ಎರಡನೆಯದಕ್ಕೆ ಹೆಣ್ಣುಮಗು. ಮೂರನೆಯದರ ಹೊತ್ತಿಗೆ ಕತೆಯಲ್ಲಿ ನರ್ಸ್ ಬಂದು ಇನ್ನೊಂದು ಮಗುವೂ ಇದೆ ಎಂದಿದ್ದಳು. ಆ ಖುಷಿಗೆ ಕೈ ಅರ್ಧ ಸುತ್ತು ಹೆಚ್ಚೇ ತಿರುಗಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಲ್ಲಿ ಪಂಪಿನವನು ಮುಖ ಊದಿಸಿಕೊಂಡು, ಶುಭ್ರವಾಗಿದ್ದ ಫಿಲ್ಟರನ್ನೇ ಮತ್ತೆ ತೊಳೆಯುತ್ತಿದ್ದ. ಮಾವ ಎಂಜಿನಿಯರಮ್ಮನ ಮೇಜಿನ ಮುಂದೆ ನಿಂತರು.

“ಪಂಪಿನದ್ದಲ್ಲಮ್ಮ, ತಪ್ಪು ನಂದು. ಮೂರನೇ ಸ್ಕ್ರೂ ಜಾಸ್ತಿ ಬಿಗಿದುಬಿಟ್ಟೆ.”

“ನೀವಾ ಮಾವ? ಹೇಗಾಯ್ತು?”

“ಮಾತಾಡ್ತಾ ಇದ್ದೆ.”

ಅವರಿಂದ ಇಷ್ಟು ಚಿಕ್ಕ ಉತ್ತರ ಬಂದದ್ದು ಅದೇ ಮೊದಲು. ಮಾವನಿಗೆ ಮೈ ಹುಷಾರಿಲ್ಲವೆಂದುಕೊಂಡ ಅವಳು ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ಸ್ಕ್ರೂ ಗಟ್ಟಿಯಾಗಿ ಹಿಡಿದರೆ ಒಳ್ಳೆಯದಲ್ಲವೇ ಎಂದೂ ಕೇಳಿದಳು.

“ಬಿಸಿಯಾದ್ರೆ ತಾಮ್ರ ಹಿಗ್ಗುತ್ತಮ್ಮ. ಜಾಗ ಕೊಡದೆ ಅದುಮಿದ್ರೆ ಎಲ್ಲಿಗೆ ಹೋಗ್ಬೇಕು ಪಾಪ, ಸೊಟ್ಟಗಾಗುತ್ತೆ.”

ಮೂರು ಸ್ಕ್ರೂಗಳನ್ನೂ ಸಡಿಲಿಸಿ, ಸರದಿಯಂತೆ ಒಂದೊಂದನ್ನೂ ಕೂದಲೆಳೆಯಷ್ಟೇ ಬಿಗಿಯುತ್ತಾ ಬಂದರು. ನೀರಿನ ಒತ್ತಡ ಹಳೆಯ ಗುರುತಿಗೆ ಇಳಿಯಿತು. ಒಂದು ಗಂಟೆ ಓಡಿಸಿದರೂ ಅಂಚು ನುಣ್ಣಗೇ ಇತ್ತು. ಎಂಜಿನಿಯರಮ್ಮ ಎಲ್ಲರೆದುರು ಪಂಪಿನವನಲ್ಲಿ ಕ್ಷಮೆ ಕೇಳಿದಳು. ಅವನು ಇರಲಿ ಬಿಡಿ ಎಂದನಾದರೂ ಸಂಜೆಯವರೆಗೆ ಗಂಟುಮುಖ ಸಡಿಲಿಸಲಿಲ್ಲ.

ಮರುವಾರ ಎಂಜಿನಿಯರಮ್ಮ ತಾನೇ ಒಂದು ಕನ್ನಡಿ ಕೂರಿಸಲು ಕುಳಿತಳು. ಮಾವ ಹಿಂದೆ ಕೈಕಟ್ಟಿ ನಿಂತು, ತಪ್ಪಾದಾಗೆಲ್ಲ ಬರೀ ಕಣ್ಣಿನಲ್ಲೇ ಗದರಿದರು. ಎರಡು ಸಲ ಬಿಚ್ಚಿಸಿದರು. ಮೂರನೇ ಸಲ ಗೆರೆಗಳು ನೇರ ನಿಂತಾಗ ಅವಳ ಭುಜ ತಟ್ಟಿ ಹೊರಗೆ ನಡೆದರು. ಕೋಣೆಯ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ಆಗಲೇ ಅವರ ದನಿ ಕ್ಯಾಂಟೀನಿನವರೆಗೂ ಕೇಳುತ್ತಿತ್ತು.