ಚೀಲದ ಸಂದಿಯ ಲಾಲಬೀ

ಲಾಲಬೀ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದೆ. ವಾಡಿಯಿಂದ ಅವಳ ಮಗಳು ಹೇಳಿಕಳಿಸಿದ್ದಳು. ನಿದ್ದೆಯಲ್ಲೇ ಹೋದಳಂತೆ. ಹೆದರದೆ ಹೋದಳಲ್ಲ ಎಂದು ಮೊದಲು ದೇವರಿಗೆ ಕೈ ಮುಗಿದೆ. ನಾನು ಕಂಡವರಲ್ಲಿ ಅವಳಷ್ಟು ಅಂಜುವ ಜೀವ ಇನ್ನೊಂದಿರಲಿಲ್ಲ.

ಶಹಾಬಾದಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಹಲ್ಲಿಗೆ ಅಂಜುವಳು, ಗುಡುಗಿಗೆ ಅಂಜುವಳು, ಖಾಕಿ ಬಟ್ಟೆ ಕಂಡರೆ ಟಪಾಲಿನವನು ಬಂದರೂ ಒಳಗೆ ಓಡುವಳು. ಮಧ್ಯಾಹ್ನ ಕಲ್ಲುಗಣಿಯಲ್ಲಿ ಬಂಡೆ ಸಿಡಿಸಲು ಮದ್ದು ಹಾರಿಸುವ ಹೊತ್ತಿಗೆ ಸೂಜಿಯನ್ನು ಅಲ್ಲೇ ಚುಚ್ಚಿಟ್ಟು ನಮ್ಮ ಮನೆಗೆ ಬಂದುಬಿಡುವಳು. ನಮ್ಮ ನಡುಮನೆಯಲ್ಲಿ ಎರಡು ಜೋಳದ ಚೀಲಗಳ ನಡುವೆ ಒಂದು ಸಂದಿ ಇತ್ತು. ಅದರಲ್ಲಿ ಮೊಣಕಾಲು ಎದೆಗೊತ್ತಿ ಕೂರುವಳು.

“ಇಷ್ಟು ದೊಡ್ಡ ಮನಿಯಾಗ ಅಲ್ಲೇ ಯಾಕ ಕುಂದರ್ತೀರಿ ಅಕ್ಕಾ?” ಎಂದು ಒಮ್ಮೆ ಕೇಳಿದೆ.

“ಬೆನ್ನಿಗಿ ಹತ್ತಬೇಕು, ಎರಡೂ ಭುಜಕ್ಕ ಹತ್ತಬೇಕು ತಂಗಿ. ಎಲ್ಲಾ ಕಡಿಗಿ ಒತ್ತಿ ಹಿಡದ್ರ ಜೀವಕ್ಕ ಸಮಾಧಾನ.”

ನಮ್ಮ ಅತ್ತೆ ಸುಮ್ಮನಿರುವವರಲ್ಲ. “ಬೂಬವ್ವಾ, ಒಂದಿನ ಜೋಳದ ಜೋಡಿ ನಿನ್ನೂ ಗಿರಣಿಗಿ ಹೊತಗೊಂಡು ಹೋಗ್ತಾರ ನೋಡು” ಎನ್ನುವರು. ಆ ಮಾತಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಲಾಲಬೀಯೇ.

ನಮ್ಮವರಿಗೆ ಮೀನು ಸಾಕುವ ಹುಚ್ಚು. ತಿನ್ನುವ ಮನೆತನವಲ್ಲ ನಮ್ಮದು, ಕಣ್ಣಿಗೆ ಚೆಂದ ಎಂದು ಸಾಕಿದ್ದು. ಅಂಗಳದಲ್ಲಿ ಫರ್ಸಿ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ತೊಟ್ಟಿಯಂತೆ ನೀರಿನ ಹೌಜು ಕಟ್ಟಿಸಿದ್ದರು. ಮೀನು ಆಡಿಕೊಂಡಿರಲಿ ಎಂದು ಅದರ ತಳದಲ್ಲಿ ಗಣಿಯ ಕಲ್ಲುಚೂರುಗಳನ್ನು ಗವಿಯಂತೆ ಜೋಡಿಸಿ, ಅಲುಗಾಡದ ಹಾಗೆ ಗಚ್ಚು ಹಾಕಿ ಕೂಡಿಸಿದ್ದರು. ಹಳೆಯ ಗಣಿಯ ಹೊಂಡದಿಂದ ಮರಿಗಳನ್ನು ಕೊಡದಲ್ಲಿ ತಂದು ಬಿಟ್ಟರು. ನಮ್ಮ ಮಗಳು ನೀಲಾ ಆಗಿನ್ನೂ ಶಾಲೆಗೆ ಹೋಗದ ಕೂಸು. ದಿನಾ ರೊಟ್ಟಿಚೂರು ಹಿಡಿದು ಮೊಣಕೈವರೆಗೆ ಕೈಯನ್ನು ನೀರಲ್ಲಿ ಇಳಿಬಿಡುತ್ತಿದ್ದಳು.

ಬರಬರುತ್ತ ಮರಿಗಳು ಕಡಿಮೆಯಾದವು. ಯಾಕೆಂದು ನೋಡಲು ನಮ್ಮವರು ಒಂದು ಶ್ರಾವಣದ ದಿನ ಕಲ್ಲಿನ ಸಂದಿಗೆ ಕೈ ಹಾಕಿದವರು ಕೂಗಿ ಹಿಂದಕ್ಕೆ ಬಿದ್ದರು. ಚೇಳುಮೀನು, ರೆಕ್ಕೆಯ ಮುಳ್ಳಿನಿಂದ ಚೇಳಿನಂತೆ ಕುಟುಕುವಂಥದು. ಮರಿಗಳ ಜೊತೆ ಅದೂ ಬಂದು, ಉಳಿದವನ್ನು ತಿಂದು ಒಳಗೇ ಬೆಳೆದಿತ್ತು. ಕೈ ಮೊಣಕೈವರೆಗೆ ಬಾತಿತು, ಜ್ವರ ಬಂತು, ಗಟ್ಟಿ ಗಂಡಸು ಹಾಸಿಗೆಯಲ್ಲಿ ಹೊರಳಾಡಿದರು. ಚುಚ್ಚಿದ್ದು ಎಡಗೈಗೆ, ಉಣ್ಣುವ ಕೈ ಉಳಿಯಿತು. ಅಷ್ಟು ಶರಣರ ದಯೆ.

ಆದರೆ ನನ್ನ ಎದೆ ನಿಲ್ಲಲಿಲ್ಲ. ದೊಡ್ಡವರಿಗೇ ಹೀಗಾದರೆ ನೀಲಾಳ ಅಷ್ಟು ಸಣ್ಣ ಕೈಗೆ? ಹೌಜಿನ ಮೇಲೆ ಹಲಗೆ ಮುಚ್ಚಿದೆ. ಅತ್ತ ತಿರುಗುವುದರೊಳಗೆ ಸರಿಸಿ ಇಣುಕುತ್ತಿದ್ದಳು. ನೀರು ಮೊಗೆದು ಚೆಲ್ಲಿಸಿದೆ. ಮೀನು ಗವಿಯ ಬುಡದ ರಾಡಿಯಲ್ಲಿ ಅಡಗಿತು. ಕಲ್ಲು ಕೀಳಬೇಕೆಂದರೆ ಕೈ ಇಳಿಸಬೇಕು, ಇಳಿಸುವವರು ಯಾರು? ಬ್ಲೀಚಿಂಗ್ ಪೌಡರ್ ಸುರಿಯಿರಿ ಎಂದು ಓಣಿಯವರೆಂದರು. ಶ್ರಾವಣದಲ್ಲಿ, ಲಿಂಗ ಪೂಜೆಯಾಗುವ ಮನೆಯಲ್ಲಿ ಜೀವ ತೆಗೆಯಲು ನನಗೆ ಮನಸ್ಸು ಒಪ್ಪಲಿಲ್ಲ. ಒಪ್ಪದಿದ್ದಕ್ಕೂ ಹೆದರಿಕೆಯೇ. ನನ್ನ ನೇಮಕ್ಕೆ ಮಗಳ ಕೈ ಹೋದರೆ?

“ನಾ ಹಿಡೀತೀನಿ” ಎಂದಳು ಲಾಲಬೀ.

ಅತ್ತೆ ಬಾಯಿಗೆ ಸೆರಗು ಹಚ್ಚಿದರು. “ಹಲ್ಲಿ ಕಂಡ್ರ ಜೀವ ಬಿಡೋಕಿ, ಚೇಳುಮೀನ ಹಿಡೀತಾಳಂತ!”

“ಅಂಜಿದ ಜೀವ ಎಲ್ಲಿ ಅಡಗ್ತದಂತ ನನಗಲ್ದೆ ಯಾರಿಗಿ ಗೊತ್ತದರಿ ಯಮ್ಮಾ?”

ತನ್ನ ಮನೆಯಿಂದ ಒಂದು ಸಣ್ಣ ಮಣ್ಣಿನ ಗಡಿಗೆ ತಂದಳು. ಬಾಯಿ ಇಕ್ಕಟ್ಟು, ಒಳಗೆ ಕತ್ತಲು. ಅದನ್ನು ಹಗ್ಗದಲ್ಲಿ ಕಟ್ಟಿ ಹೌಜಿನ ಮೂಲೆಯಲ್ಲಿ ಅಡ್ಡ ಮಲಗಿಸಿದಳು. ಮತ್ತೆ ನೀರು ತುಂಬಿಸಿದೆವು. ಇನ್ನೊಂದು ತುದಿಯಿಂದ ಉದ್ದನೆಯ ಕೋಲಿನಲ್ಲಿ ಕಲ್ಲುಗಳನ್ನು ಮೆಲ್ಲಗೆ ಬಡಿಯತೊಡಗಿದಳು. “ಬೆನ್ನಟ್ಟಬಾರ್ದು ತಂಗಿ. ಇಲ್ಲಿ ಸದ್ದದ, ಅಲ್ಲಿ ಸಂದಿ ಅದ ಅಂತ ತಿಳೀಬೇಕು ಅದಕ್ಕ, ಅಷ್ಟೇ.” ಕೋಲನ್ನು ತುದಿಯಲ್ಲೇ ಹಿಡಿದು, ಹೌಜಿನಿಂದ ಆದಷ್ಟು ದೂರ ನಿಂತಿದ್ದಳು.

ಕರಿಯ ನೆರಳೊಂದು ಕಲ್ಲಿನಿಂದ ಜಾರಿ ಗಡಿಗೆಯೊಳಗೆ ಹೋಯಿತು. ಅವಳು “ಬಿಸ್ಮಿಲ್ಲಾ” ಎಂದಳು, ನಾನು “ಶಿವಾ” ಎಂದೆ, ಇಬ್ಬರೂ ಹಗ್ಗ ಎಳೆದೆವು. ಗಡಿಗೆ ಹೌಜಿನ ಅಂಚಿಗೆ ತಾಗಿ ಒಡೆಯಿತು.

ಮೀನು ಅಂಗಳದ ಫರ್ಸಿಯ ಮೇಲೆ ಹಾವಿನಂತೆ ಹರಿಯಿತು. ಅದೇ ಹೊತ್ತಿಗೆ ನೀಲಾ ಬರಿಗಾಲಲ್ಲಿ “ಮೀನಾ!” ಎಂದು ಓಡಿ ಬಂದಳು. ನನ್ನ ಕಾಲು ನೆಲಕ್ಕೆ ಅಂಟಿತು. ಲಾಲಬೀ ಎರಡೇ ಹೆಜ್ಜೆಯಲ್ಲಿ ಹೋಗಿ ಕೂಸನ್ನು ಬಗಲಿಗೆತ್ತಿಕೊಂಡಳು. ಆಮೇಲೆ ಓಡಲಿಲ್ಲ. ಹಿಂದೆ ಹೌಜು, ಮುಂದೆ ಮೀನು, ಕೆಳಗೆ ಪಾಚಿಗಟ್ಟಿದ ಕಲ್ಲು. ಕಾಲು ಜಾರಿದರೆ ಕೂಸಿನೊಂದಿಗೇ ಬೀಳಬೇಕು. ಕಣ್ಣು ಮುಚ್ಚಿ, ಗಟ್ಟಿಯಾಗಿ ಚೀರುತ್ತ, ನೆಟ್ಟ ಕಂಬದಂತೆ ನಿಂತಳು. ಮೀನು ಅವಳ ಪಾದದ ಮೇಲಿಂದಲೇ ಹರಿದು ಹೋಯಿತು. ಆಗ ನನಗೆ ಜೀವ ಬಂದು ಅದರ ಮೇಲೆ ಬಕೀಟು ಬೋರಲು ಹಾಕಿದೆ. ಲಾಲಬೀಯ ಗಂಡ ಬಂದು ಮೀನನ್ನು ಗಣಿಯ ಹೊಂಡಕ್ಕೇ ಬಿಟ್ಟು ಬಂದ. ಅವಳ ಪಾದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನಾನು ಇಂದಿಗೂ ಪೂಜೆಯಲ್ಲಿ ನೆನೆಯುತ್ತೇನೆ.

“ಅಂಜಿಕಿ ಬರ್ಲಿಲ್ಲೇನ್ರಿ ಅಕ್ಕಾ?” ಎಂದು ನೀರು ಕೊಡುತ್ತ ಕೇಳಿದೆ.

“ಬಂದಿತ್ತವ್ವಾ. ಆದ್ರ ಕೂಸು ನನ್ನ ಬಗಲಾಗಿತ್ತು. ಕೂಸಿಗಿ ನಾನೇ ಸಂದಿ ಆಗಿದ್ದೆ. ನಾ ಎಲ್ಲಿ ಅಡಗಲಿ?”

ಮರುದಿನ ಮದ್ದಿನ ಹೊತ್ತಿಗೆ ಎಂದಿನಂತೆ ಓಡಿ ಬಂದು ಚೀಲಗಳ ನಡುವೆ ಕುಳಿತಳು. ಅತ್ತೆ ಆ ದಿನ ಚೇಷ್ಟೆ ಮಾಡಲಿಲ್ಲ. ಎದ್ದು ಹೋಗಿ ಅವಳ ಬೆನ್ನಿಗೆ ಒಂದು ಹಳೆಯ ಕೌದಿ ಇಟ್ಟು ಬಂದರು.

ಗಂಡ ತೀರಿಹೋದ ಮೇಲೆ ಲಾಲಬೀ ಮಗಳ ಮನೆಗೆಂದು ವಾಡಿಗೆ ಹೊರಟಳು. ಸ್ಟೇಷನ್ನಿಗೆ ನಾನೇ ಕಳಿಸಲು ಹೋಗಿದ್ದೆ. ಇಂಜಿನ್ನು ಸೀಟಿ ಹೊಡೆದಾಗ ನನ್ನ ಕೈ ಬಿಗಿ ಹಿಡಿದು, “ಅಲ್ಲಿ ಚೀಲ ಇಲ್ಲಂತ ತಂಗಿ, ಜೋಳ ಡಬ್ಬಿದಾಗ ಇಡ್ತಾರಂತ” ಎಂದಳು. ನಕ್ಕೆವು. ಅದೇ ಕಡೆಯ ಮಾತು.

ಸುದ್ದಿ ತಂದವನಿಗೆ ನೀರು, ಬೆಲ್ಲ ಕೊಟ್ಟು ಕಳಿಸಿದೆ. ಬೇಳೆ ಮೊರದಲ್ಲೇ ಉಳಿದಿತ್ತು. ಅಷ್ಟರಲ್ಲಿ ಗಣಿಯಲ್ಲಿ ಮದ್ದು ಹಾರಿತು, ಒಂದರ ಮೇಲೊಂದಿಟ್ಟ ಅಡಕಲ ಗಡಿಗೆಗಳು ನಡುಗಿದವು. ನನಗೆ ಗೊತ್ತಿಲ್ಲದೆ ಕಣ್ಣು ನಡುಮನೆಯ ಚೀಲಗಳ ಕಡೆ ಹೋಯಿತು. ಸಂದಿಯಲ್ಲಿ ಬೆಕ್ಕೊಂದು ಮುದುಡಿ ಮಲಗಿತ್ತು. ಎಬ್ಬಿಸಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹೋಗಿ ಹಿಟ್ಟಿಗೆ ಸುರಿದು ರೊಟ್ಟಿ ತಟ್ಟಲು ಕುಳಿತೆ.