ಸಾವಕಾರರ ಫಿಯಾಟಿನ ಹಿಂಬಾಗಿಲು

ಬಡವನ ಕೋಪ ದವಡೆಗೆ ಮೂಲ ಎಂದು ಗಾದೆ ಕಟ್ಟಿದವನು ನಮ್ಮ ಮಂಗಲಾಳನ್ನು ನೋಡಿರಲಿಲ್ಲ. ಮಂಗೋರ್ ಹಿಲ್ಲಿನಲ್ಲಿ ಅವಳ ಗಂಡ ನಾನಪ್ಪನ ಗ್ಯಾರೇಜಿಗೆ ಹತ್ತಿಕೊಂಡೇ ನನ್ನ ಚಹಾದಂಗಡಿ. ಹಳೇ ಕಾರುಗಳ ತುಕ್ಕು ತಿಂದ ತಗಡು, ನಮ್ಮ ಬಾಯಲ್ಲಿ ಪತ್ರಾ, ಕತ್ತರಿಸಿ ತೆಗೆದು ಹೊಸದು ಕೂಡಿಸುವುದು ಅವನ ಕಸುಬು. ಸಮುದ್ರದ ಗಾಳಿ ಇರುವ ತನಕ ಅವನ ಕೆಲಸಕ್ಕೆ ಬರವಿಲ್ಲ.

ಮಂಗಲಾ ಮದುವೆಗೆ ಮುಂಚೆ ಸಾಂಖಳಿಯಲ್ಲಿ, ಬೆಳಗಾವಿ ಕಡೆಯ ಅರಿವೆ ವ್ಯಾಪಾರಿ ಯಶವಂತ ಸಾವಕಾರರ ಮನೆಗೆಲಸಕ್ಕಿದ್ದಳು. ಅವರ ಹೆಂಡತಿ ಕಾಂಚನಾಬಾಯಿಯ ಬಂಗಾರದ ಬಳೆಯೊಂದು ಕಳೆಯಿತು. ಆ ಮಹಾತಾಯಿ ಇವಳನ್ನು ಅಂಗಡಿ ಮುಂದೆ ನಿಲ್ಲಿಸಿ, ಸೆರಗು ಜಾಡಿಸಿ, ಬುತ್ತಿಗಂಟು ಬಿಚ್ಚಿಸಿದಳು. ಬಳೆ ಸಿಗಲಿಲ್ಲ. ಕಳ್ಳಿ ಎಂಬ ಹೆಸರು ಮಾತ್ರ ಊರ ತುಂಬ ಆಯಿತು, ಮುಂದೆ ಯಾರೂ ಇವಳನ್ನು ಕೆಲಸಕ್ಕೆ ಕರೆಯಲಿಲ್ಲ. ಇದನ್ನು ಹೇಳುವಾಗ ಮಂಗಲಾ ಅಳುತ್ತಿರಲಿಲ್ಲ.

"ಒಂದಿಲ್ಲ ಒಂದಿನಾ ಆಕಿಗೆ ನೀರ ಕುಡಸ್ತೇನ್ರಿ ಅಣ್ಣಾ" ಎನ್ನುತ್ತಿದ್ದಳು.

೨೦೦೭ರ ಮಳೆಗಾಲ ಮುಗಿದ ಮೇಲೆ ಸಾವಕಾರರ ಹಳೇ ಫಿಯಾಟ್ ನಾನಪ್ಪನ ಕೈಗೇ ಬಂತು. ಇವನು ಯಾರ ಗಂಡನೆಂದು ಅವರಿಗೆ ಗೊತ್ತಿರಲಿಲ್ಲ. ಬುತ್ತಿ ತಂದ ಮಂಗಲಾ ಗಾಡಿಯ ಗುರುತು ಹಿಡಿದು ನೆಲಕ್ಕೆ ಉಗುಳಿದಳು. ಅದನ್ನು ದಿನಾ ತೊಳೆದವಳು ಅವಳೇ ಅಲ್ಲವೇ.

ಉಳಿದದ್ದೆಲ್ಲ ಮುಗಿದು ಹಿಂದಿನ ಎಡಬಾಗಿಲು ಬಾಕಿಯಿತ್ತು. ಅದರ ಕೆಳಭಾಗ ಹಪ್ಪಳದಂತೆ ಮುರಿಯುತ್ತಿತ್ತು. ನಾನಪ್ಪ ಹೊರಪತ್ರಾ ಕತ್ತರಿಸಿ ಹಿರಿದ. ಗಾಜು ಇಳಿಯುವ ಸಂದಿಯಿಂದ ವರ್ಷಗಟ್ಟಲೆ ಬಿದ್ದ ಮಣ್ಣು ಒಳಗೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಅರ್ಧ ಹುಗಿದುಕೊಂಡು, ಅದೇ ಸಂದಿಯಿಂದ ಜಾರಿ ಬಿದ್ದ ಬಂಗಾರದ ಬಳೆ.

ನಾನಪ್ಪ ಕೈ ಚಾಚಿದ. ಪಕ್ಕದಲ್ಲೇ ನಿಂತಿದ್ದ ಮಂಗಲಾ ಅವನ ಮುಂಗೈ ಹಿಡಿದಳು.

"ಮುಟ್ಟಬ್ಯಾಡ್ರಿ. ನಾವು ಒಯ್ದು ಕೊಟ್ರ, ಕದ್ದಾಕಿ ಹೆದರಿ ತಂದ್ಲು ಅಂತಾರ. ಆಕೀನ ಬಂದು ತಗೀಲಿ."

ಖರೆ ಮಾತು. ಉಳ್ಳವರ ಬಾಯಿಗೆ ಬೀಗ ಹಾಕುವವರು ಯಾರು? ಬಾಯಾರೂ ಬಂದು ಗಾಡಿ ನೋಡಲಿ ಎಂದು ನಾನಪ್ಪ ಸಾವಕಾರರಿಗೆ ಫೋನ್ ಮಾಡಿದ.

ಮರುದಿನ ಗಂಡಹೆಂಡಿರು ಬಂದರು. ಓಣಿಯ ಮಂದಿಯನ್ನು ನಾನೇ ಕೂಗಿ ಕರೆದಿದ್ದೆ. ಮಂಗಲಾ ಹರಿದ ಬಾಗಿಲು ತೋರಿಸಿ, "ಕೈ ಹಾಕ್ರಿ ಅಕ್ಕಾರ" ಎಂದಳು. ಕಾಂಚನಾಬಾಯಿ ಅವಳನ್ನು ನೋಡಿದಳು, ಬಳೆ ನೋಡಿದಳು, ಮುಖ ಸಪ್ಪಗಾಯಿತು. ಕೊನೆಗೆ ಆ ತುಕ್ಕಿನ ಕೆಸರಿಗೆ ತಾನೇ ಕೈಯಿಟ್ಟು, ಉಗುರಿನಿಂದ ಕೆದರಿ ಕಿತ್ತಳು. ನನ್ನ ಹೊಟ್ಟೆ ತಣ್ಣಗಾಯಿತು.

"ಸಿಕ್ತಲ್ಲ. ಆಗಿದ್ದು ಆಗಿ ಹೋತು, ಬಿಡು" ಎಂದಳು ಕಾಂಚನಾಬಾಯಿ, ಬಳೆಯನ್ನು ಒರೆಸುತ್ತ.

ಕೇಳಿ ನನ್ನ ಮೈಯೆಲ್ಲ ಉರಿಯಿತು. ಸಾವಕಾರರು, "ನಾನಪ್ಪ, ಲಗೂನ ಹೊಸಾ ಪತ್ರಾ ಕೂಡಸು" ಎಂದರು. ನಾನಪ್ಪ ಹೆಂಡತಿಯ ಮುಖ ನೋಡಿದ.

"ಕೂಡಸೂದಿಲ್ರಿ" ಎಂದಳು ಮಂಗಲಾ. "ಗಾಡಿ ಹಿಂಗ ಒಯ್ರಿ. ನನ್ನ ನಿಲ್ಲಿಸಿದ್ರಲ್ಲಾ, ಆ ಅಂಗಡಿ ಮುಂದ ನಿಲ್ಲಸ್ರಿ. ಬಾಗಲಾ ಯಾಕ ಹರದೈತಿ ಅಂತ ಮಂದಿ ಕೇಳ್ತಾರ. ಬಳಿ ಎಲ್ಲಿ ಸಿಕ್ತು ಅಂತ ನಿಮ್ಮ ಬಾಯಿಲೆ ಹೇಳ್ರಿ."

"ಹೇಳ್ಲಿಲ್ಲಂದ್ರ?" ಎಂದರು ಸಾವಕಾರರು.

"ನಾಳಿ ನಾನೂ ಬರ್ತೇನಿ. ಅಲ್ಲೆ ಎಲ್ಲಾರಿಗೂ ನನ್ನ ಗುರುತ ಐತಿ."

ಗಂಡಹೆಂಡಿರು ಹರಿದ ಬಾಗಿಲಿನ ಗಾಡಿಯನ್ನೇ ಹತ್ತಿ ಹೋದರು. ಮಂಗಲಾಳದು ಸಿಟ್ಟಿನಲ್ಲಿ ಆಡಿದ ಮಾತು ಅಂದುಕೊಂಡಿದ್ದೆ. ಮರುದಿನ ಮೊದಲ ಬಸ್ಸಿಗೇ ಸಾಂಖಳಿಗೆ ಹೊರಟಳು. ಸಾವಕಾರರು ಅಂಗಡಿ ಬಾಗಿಲು ತೆಗೆಯಲು ಬಂದಾಗ ಅವಳು ಆಗಲೇ ಮೆಟ್ಟಿಲ ಮೇಲೆ ಕೂತಿದ್ದಳಂತೆ.